ಸಹಾಯ ಬೇಕು: ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲ್ ಮತ್ತು ಹಳೆಯ ಮಾರುತಿ 800 (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1997ರ ಮಾರುತಿ 800 ಇದೆ, ಕಾರ್ಬುರೇಟರ್ (ಗಾಳಿ-ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಮಾದರಿ. ಒಂದೆರಡು ವಾರ ನಿಲ್ಲಿಸಿದರೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಮೆಕ್ಯಾನಿಕ್ ಬಿಚ್ಚಿ ತೋರಿಸಿದರು: ಪೆಟ್ರೋಲ್ ಪೈಪು ಕ್ಲಿಪ್ ಕೂರುವ ಜಾಗದಲ್ಲಿ ಉಬ್ಬಿ ಮೆತ್ತಗಾಗಿದೆ, ಉಗುರು ಒತ್ತಿದರೆ ಗುರುತು ಉಳಿಯುತ್ತದೆ. ಕಾರ್ಬುರೇಟರ್ ಬಟ್ಟಲಿನ ತಳದಲ್ಲಿ ನೀರಿನ ಹನಿಗಳು ಬೇರೆ.

ಎಥನಾಲ್ ತೇವ ಹೀರುತ್ತದೆ, ಹಳೆಯ ರಬ್ಬರಿಗೆ ಒಗ್ಗುವುದಿಲ್ಲ. ಅದರಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಯ ಪಾಲು ಹೆಚ್ಚಿ ಇಂಧನ ಸಾಲದಾಗುತ್ತದೆ. ಸೆನ್ಸರ್ ಇಲ್ಲದ ಕಾರ್ಬುರೇಟರ್ ತಾನಾಗಿ ಹೊಂದಿಸಿಕೊಳ್ಳಲಾರದು. ಇಷ್ಟು ಗೊತ್ತು. ಮೆಕ್ಕೆಜೋಳದಿಂದಲೂ ಎಥನಾಲ್ ತಯಾರಾಗುವುದರಿಂದ, ಮೆಕ್ಕೆಜೋಳ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಎಥನಾಲನ್ನು ಬೈಯುವುದೂ ಕಷ್ಟ!

ಈಗ ಬೇಕಾದದ್ದು: ಎಥನಾಲ್ ತಡೆಯುವ ಪೈಪು ಮತ್ತು ಕಾರ್ಬುರೇಟರ್ ಕಿಟ್ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಎಲ್ಲಿ ಸಿಗುತ್ತವೆ? ಇಂಧನ ಸ್ವಲ್ಪ ಹೆಚ್ಚು ಹರಿಯಲೆಂದು ಕಾರ್ಬುರೇಟರಿನ ಮುಖ್ಯ ಜೆಟ್ಟನ್ನು (ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ತುಣುಕು) ಒಂದು ಅಳತೆ ದೊಡ್ಡದು ಹಾಕಿಸಿದವರು ಇದ್ದೀರಾ? ಪ್ಲಗ್ಗಿನ ಬಣ್ಣ, ಮೈಲೇಜ್ ಹೇಗಿದೆ? ಪೆಟ್ರೋಲ್ ಟ್ಯಾಂಕ್ ಒಳಗಿನ ತುಕ್ಕು ತೆಗೆಯುವ, ಕೈಪಳಗಿದ ಹಿರಿಯ ಮೆಕ್ಯಾನಿಕ್ ಯಾರಾದರೂ ಇದ್ದರೆ ಯಾವ ಭಾಗದಲ್ಲಿ ಎಂದು ತಿಳಿಸಿ. “ಮಾರಿಬಿಡಿ ಅಣ್ಣಾ” ಎಂಬ ಸಲಹೆ ಮಾತ್ರ ಬೇಡ, ಅದನ್ನು ಮನೆಯವರೇ ದಿನಾ ಕೊಡುತ್ತಿದ್ದಾರೆ.