ವಾರ್‌ಕ್ರಾಫ್ಟ್ 3 ಮ್ಯಾಪ್: ಆನೆ ಹತ್ತಿರ ಬಂತಾ ಅಂತ ಎಕ್ಸ್, ವೈ ಇಟ್ಟುಕೊಂಡು ನೋಡುವುದು ಹೇಗೆ?

ಸಕಲೇಶಪುರದ ಹುಡುಗ:
ನಮಸ್ಕಾರ ಎಲ್ಲರಿಗೂ. ವಾರ್‌ಕ್ರಾಫ್ಟ್ 3 ಕಂಪ್ಯೂಟರ್ ಆಟಕ್ಕೆ ಮ್ಯಾಪ್ ಮಾಡುವ ವರ್ಲ್ಡ್ ಎಡಿಟರಿನಲ್ಲಿ ನಮ್ಮ ಕಡೆಯ ಕಾಫಿ ತೋಟದ ಮ್ಯಾಪ್ ಮಾಡುತ್ತಿದ್ದೇನೆ. ಸಿಲ್ವರ್ ಓಕ್ ಸಾಲು, ಕಾಫಿ ಕಣ, ಲೈನ್ ಮನೆ, ಕೆರೆ ಎಲ್ಲ ಇದೆ. ರಾತ್ರಿಯಾದರೆ ಕಾಡಿನಿಂದ 20 ಆನೆ ಇಳಿಯುತ್ತವೆ. ಯಾವ ಆನೆಯಾದರೂ ಕಾವಲುಗಾರನಿಂದ 600 ದೂರದೊಳಗೆ ಬಂದರೆ ಸೈರನ್ ಕೂಗಬೇಕು. ಈಗ 0.1 ಸೆಕೆಂಡಿಗೊಮ್ಮೆ ಟ್ರಿಗರ್ (ಆಟ ತಾನಾಗಿ ನಡೆಸುವ ಆದೇಶಗಳ ಪಟ್ಟಿ) ಓಡಿಸಿ, ಪ್ರತಿ ಆನೆಗೂ ಅದರ ಜಾಗ ಮತ್ತು ಕಾವಲುಗಾರನ ಜಾಗ ಎರಡನ್ನೂ ಪಾಯಿಂಟ್ (ಮ್ಯಾಪಿನ ಒಂದು ಜಾಗ ಹಿಡಿದಿಡುವ ವಸ್ತು) ಆಗಿ ತೆಗೆದುಕೊಂಡು 'ಡಿಸ್ಟೆನ್ಸ್ ಬಿಟ್ವೀನ್ ಪಾಯಿಂಟ್ಸ್'ನಲ್ಲಿ ಅಳೆಯುತ್ತಿದ್ದೇನೆ. ಸೈರನ್ ಸರಿಯಾಗಿ ಕೂಗುತ್ತದೆ, ಆದರೆ ಆಡುತ್ತಾ ಆಡುತ್ತಾ ಆಟ ತುಂಬಾ ನಿಧಾನ ಆಗುತ್ತದೆ. ಏನು ಮಾಡಲಿ?

ಮೂಡಿಗೆರೆ ಮಳೆ:
ಪಾಯಿಂಟ್‌ಗಳನ್ನು ಅಳಿಸುತ್ತಿದ್ದೀರಾ ಮಾರಾಯ್ರೆ? ಯೂನಿಟ್ಟಿನ (ಆನೆ, ಕಾವಲುಗಾರ ಇಂಥವು) ಜಾಗ ಕೇಳಿದಾಗಲೆಲ್ಲ ಹೊಸ ಪಾಯಿಂಟ್ ಹುಟ್ಟುತ್ತದೆ. ಅಳಿಸುವ ಆದೇಶ 'ರಿಮೂವ್‌ಲೊಕೇಶನ್' ಕರೆಯುವ ತನಕ ಅದು ಮೆಮೊರಿಯಲ್ಲೇ ಬಿದ್ದಿರುತ್ತದೆ. ನಿಮ್ಮದೇ ಲೆಕ್ಕ ನೋಡಿ: 20 ಆನೆ, ಒಂದೊಂದಕ್ಕೆ 2 ಪಾಯಿಂಟ್, ಸೆಕೆಂಡಿಗೆ 10 ಸಲ. ಸೆಕೆಂಡಿಗೆ 400 ಆಯಿತು, ಅರ್ಧ ಗಂಟೆಗೆ 7,20,000. ಆಟ ನಿಧಾನ ಆಗದೆ ಇರುತ್ತದಾ?

ಪಾಯಿಂಟ್ ಸಹವಾಸವೇ ಬೇಡ. ಕಸ್ಟಮ್ ಸ್ಕ್ರಿಪ್ಟಿನಲ್ಲಿ (ಟ್ರಿಗರ್ ಒಳಗೆ ಕೈಯಾರೆ ಬರೆಯುವ ಕೋಡ್ ಸಾಲು) ನೇರವಾಗಿ ಹೀಗೆ ಬರೆಯಿರಿ, ಎಕ್ಸ್, ವೈ ಬರೀ ಅಂಕಿಗಳು, ಅಳಿಸುವ ತಾಪತ್ರಯ ಇಲ್ಲ:

ಡಿಎಕ್ಸ್ = ಗೆಟ್‌ಯೂನಿಟ್‌ಎಕ್ಸ್(ಆನೆ) - ಗೆಟ್‌ಯೂನಿಟ್‌ಎಕ್ಸ್(ಕಾವಲು)
ಡಿವೈ = ಗೆಟ್‌ಯೂನಿಟ್‌ವೈ(ಆನೆ) - ಗೆಟ್‌ಯೂನಿಟ್‌ವೈ(ಕಾವಲು)
ಡಿಎಕ್ಸ್*ಡಿಎಕ್ಸ್ + ಡಿವೈ*ಡಿವೈ <= 360000 ಆದರೆ ಸೈರನ್

ವರ್ಗಮೂಲ ತೆಗೆಯಲೇಬೇಡಿ. ನಿಮಗೆ ದೂರ ಎಷ್ಟು ಅಂತ ಬೇಕಿಲ್ಲ, 600ರ ಒಳಗಾ ಹೊರಗಾ ಅಷ್ಟೇ ಸಾಕು, ಅದಕ್ಕೇ 600ರ ವರ್ಗದ ಜೊತೆ ಹೋಲಿಸುವುದು. ಕಾವಲುಗಾರ (1200, 800)ರಲ್ಲಿ, ಆನೆ (1500, 1200)ರಲ್ಲಿ ಇದ್ದರೆ 90000 + 160000 = 250000, ಒಳಗೇ ಇದೆ.

ಬೇಲೂರು ರಸ್ತೆ:
ಮೇಲಿನದು ಸರಿ. ಆದರೆ 0.1 ಸೆಕೆಂಡ್ ಯಾಕೆ? ಆನೆಯ ವೇಗ 270 ಇಟ್ಟರೆ ಕಾಲು ಸೆಕೆಂಡಿನಲ್ಲಿ ಅದು 70 ಕೂಡ ದಾಟುವುದಿಲ್ಲ. 0.25 ಧಾರಾಳ ಸಾಕು. ಇನ್ನೊಂದು, ಈ ಲೆಕ್ಕ ಆನೆಯ ನಡುಮಧ್ಯದಿಂದ ಅಳೆಯುತ್ತದೆ. 'ಈಸ್‌ಯೂನಿಟ್‌ಇನ್‌ರೇಂಜ್' ಬಳಸಿದರೆ ಯೂನಿಟ್ಟಿನ ಕೊಲಿಷನ್ ಗಾತ್ರವೂ (ಅದರ ಮೈ ಹಿಡಿಯುವ ಜಾಗ) ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ದೊಡ್ಡ ಯೂನಿಟ್ಟಿಗೆ ಸ್ವಲ್ಪ ಮೊದಲೇ ಹೌದು ಅನ್ನುತ್ತದೆ. ಸಲಗಕ್ಕೆ ಅದೇ ಚೆನ್ನ ಅನ್ನಿಸುತ್ತದೆ ನನಗೆ. ಸೊಂಡಿಲು ಬೇಲಿಗೆ ತಾಗಿದ ಮೇಲೆ ಸೈರನ್ ಕೂಗಿ ಏನು ಪ್ರಯೋಜನ ಅಲ್ವಾ?

ಸಕಲೇಶಪುರದ ಹುಡುಗ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಎಕ್ಸ್, ವೈಗೆ ಬದಲಾಯಿಸಿದೆ, ಈಗ ಎಷ್ಟು ಹೊತ್ತು ಆಡಿದರೂ ಹಗುರವಾಗಿಯೇ ಓಡುತ್ತಿದೆ. 'ಯೂನಿಟ್ ಕಮ್ಸ್ ವಿದಿನ್ ರೇಂಜ್' ಅಂತ ಒಂದು ಈವೆಂಟೇ ಇದೆಯಲ್ಲ, ಅದನ್ನು ಹಾಕಿದರೆ ಟೈಮರ್ ಬೇಡವಾ? ಮತ್ತೆ ನಮ್ಮ ತೋಟ ಗುಡ್ಡದ ಮೇಲಿದೆ, ಎತ್ತರ ಸೇರಿಸಬೇಕಾ?

ಮೂಡಿಗೆರೆ ಮಳೆ:
ಆ ಈವೆಂಟ್ ಒಳಗೆ ಬರುವಾಗ ಮಾತ್ರ ಕೆಲಸ ಮಾಡುತ್ತದೆ, ಆನೆ ವಾಪಸ್ ಹೋದದ್ದು ಅದಕ್ಕೆ ತಿಳಿಯುವುದಿಲ್ಲ. ಸೈರನ್ ನಿಲ್ಲಿಸಬೇಕಾದರೆ ಟೈಮರ್ ಇರಲಿ. ಎತ್ತರ ಬಿಟ್ಟುಬಿಡಿ. ಎತ್ತರ ಕೊಡುವ 'ಗೆಟ್‌ಲೊಕೇಶನ್‌ಝಡ್' ಎಲ್ಲ ಆಟಗಾರರ ಕಂಪ್ಯೂಟರಿನಲ್ಲೂ ಒಂದೇ ಅಂಕಿ ಕೊಡುತ್ತದೆ ಅಂತ ನಂಬುವ ಹಾಗಿಲ್ಲ. ನಾಲ್ಕು ಜನ ಸೇರಿ ಆಡುವಾಗ ಅದರ ಮೇಲೆ ಸೈರನ್ ನಿಂತರೆ ಡಿಸಿಂಕ್ ಆಗಿ (ಒಬ್ಬೊಬ್ಬರ ಕಂಪ್ಯೂಟರಿನಲ್ಲಿ ಆಟ ಬೇರೆ ಬೇರೆಯಾಗಿ) ಆಟವೇ ಕಡಿದುಹೋಗಬಹುದು.

ಮತ್ತೆ ಶುರು ಮಾಡುವ ಗಡಿ, ನಿಲ್ಲಿಸುವ ಗಡಿ ಎರಡೂ 600 ಇಡಬೇಡಿ. ಆನೆ ಅದೇ ಗಡಿಯಲ್ಲಿ ಹಿಂದೆ ಮುಂದೆ ಓಡಾಡಿದರೆ ಸೈರನ್ ಕೂಗಿ ನಿಂತು, ಕೂಗಿ ನಿಂತು ತಲೆ ಕೆಡಿಸುತ್ತದೆ. 360000ಕ್ಕೆ ಕೂಗಿಸಿ, ಎಲ್ಲ ಆನೆಗಳೂ 490000 (700ರ ವರ್ಗ) ದಾಟಿದ ಮೇಲೆ ನಿಲ್ಲಿಸಿ.