ಪಾಸ್‌ವರ್ಡ್ ಇದ್ದರೂ ವೈಫೈ 'ವೀಕ್ ಸೆಕ್ಯುರಿಟಿ' ಅನ್ನುತ್ತಿದೆ, ಪರೀಕ್ಷಿಸೋದು ಹೇಗೆ?

ಪ್ರಶ್ನೆ: ಮನೆ ವೈಫೈ ಹೆಸರಿನ ಕೆಳಗೆ ಐಫೋನ್ ಹೀಗೆ ತೋರಿಸ್ತಿದೆ. ಎನ್‌ಕ್ರಿಪ್ಷನ್ ಸರಿಯಿದೆಯಾ ಅಂತ ತಿಳಿಯೋದು ಹೇಗೆ? ಅನುಭವ ಇದ್ದವರು ಹೇಳಿ.

ಕರಾವಳಿಗ: ವಿಂಡೋಸ್ ಕಮಾಂಡ್ ಪ್ರಾಂಪ್ಟಲ್ಲಿ 'ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್' (netsh wlan show interfaces) ಕೊಟ್ಟು 'ಸೈಫರ್' (ಎನ್‌ಕ್ರಿಪ್ಷನ್ ವಿಧಾನ) ಸಾಲು ಓದಿ. ಸಿಸಿಎಂಪಿ ಅಂದ್ರೆ ಎಇಎಸ್ ಅನ್ನೋ ಗಟ್ಟಿ ಎನ್‌ಕ್ರಿಪ್ಷನ್, ಸರಿಯಿದೆ. ಟಿಕೆಐಪಿ ಬಂದ್ರೆ ಅದು ದುರ್ಬಲ, 2003ರ ಹಳೇ ಡಬ್ಲ್ಯೂಪಿಎ (ವೈಫೈ ಭದ್ರತಾ ಮಾನದಂಡ; ಡಬ್ಲ್ಯೂಪಿಎ2, 3 ಅದರ ಹೊಸ ಆವೃತ್ತಿಗಳು) ಕಾಲದ್ದು. ನಮ್ಮ ರೂಟರ್ 'ಮಿಕ್ಸೆಡ್' (ಎರಡನ್ನೂ ಒಪ್ಪುವ) ಮೋಡಲ್ಲಿತ್ತು. ಟಿಕೆಐಪಿಗೆ ಬಿದ್ದರೆ ಲಿಂಕ್ ವೇಗ 54 ಎಂಬಿಪಿಎಸ್ ದಾಟಲ್ಲ. 100 ಎಂಬಿಪಿಎಸ್ ಪ್ಲಾನಿಗೆ ಕಟ್ಟಿದ ದುಡ್ಡು ದಂಡ! 'ಡಬ್ಲ್ಯೂಪಿಎ2-ಎಇಎಸ್' ಮಾತ್ರ ಇಟ್ಟಮೇಲೇ ಸರಿಹೋಯ್ತು.

ಮಲೆನಾಡು_ನೆಟ್: ಡಬ್ಲ್ಯೂಪಿಎ2 ಯಾಕೆ ಇನ್ನೂ? 2017ರಲ್ಲಿ ಅದರಲ್ಲಿ ಸಿಕ್ಕ 'ಕ್ರ್ಯಾಕ್' ದೋಷ ಮರೆತ್ರಾ? ನಮ್ಮಲ್ಲಿ ಡಬ್ಲ್ಯೂಪಿಎ3 ಮಾತ್ರ. ರೂಟರಿಗೆ 4,200 ರೂ. ಹೋಯ್ತು. ಡಬ್ಲ್ಯೂಪಿಎ3ಗೆ ಪಿಎಂಎಫ್ (ಸಂಪರ್ಕ ನಿಯಂತ್ರಿಸೋ ಸಂದೇಶಗಳಿಗೂ ರಕ್ಷಣೆ) ಕಡ್ಡಾಯ, ಹಳೇ ಪ್ರಿಂಟರಿಗೂ ಸ್ಮಾರ್ಟ್ ಪ್ಲಗ್ಗಿಗೂ ಅದು ಬರಲ್ಲ. ಅವನ್ನ ಡಬ್ಲ್ಯೂಪಿಎ2 ಇಟ್ಟ ಗೆಸ್ಟ್ ನೆಟ್‌ವರ್ಕಿಗೆ ತಳ್ಳಿದ್ದಾಯ್ತು. ಗೆಸ್ಟಲ್ಲಿರೋ ಪ್ರಿಂಟರ್ ಲ್ಯಾಪ್‌ಟಾಪಿಗೆ ಕಾಣಲ್ಲ, ಅದಕ್ಕೊಂದು ಯುಎಸ್‌ಬಿ ಕೇಬಲ್, 250 ರೂ. ಆದ್ರೂ ಇದೇ ಸರಿ.

ಕರಾವಳಿಗ: ಕ್ರ್ಯಾಕ್‌ಗೆ ಅಪ್‌ಡೇಟ್ ಬಂದು ಎಷ್ಟು ವರ್ಷ ಆಯ್ತು ಸಾರ್! ನಿಮ್ಮ ಡಬ್ಲ್ಯೂಪಿಎ3ಗೂ 2019ರಲ್ಲಿ 'ಡ್ರಾಗನ್‌ಬ್ಲಡ್' ದೋಷ ಬಂದಿತ್ತು, ಅದನ್ನ ಯಾಕೆ ಹೇಳಲ್ಲ?

ಮಲೆನಾಡು_ನೆಟ್: ಅದಕ್ಕೂ ಅಪ್‌ಡೇಟ್ ಬಂದಿದೆ. ಡಬ್ಲ್ಯೂಪಿಎ2ನಲ್ಲಿ ಹ್ಯಾಂಡ್‌ಶೇಕ್ (ಸಂಪರ್ಕದ ಶುರುವಿನ ಸಂದೇಶ ವಿನಿಮಯ) ಒಂದು ಸಲ ಹಿಡಿದರೆ ಮನೆಯಲ್ಲಿ ಕೂತು ಪಾಸ್‌ವರ್ಡ್ ಊಹಿಸುತ್ತಾ ಹೋಗಬಹುದು. ಡಬ್ಲ್ಯೂಪಿಎ3ನಲ್ಲಿ ಅದು ನಡೆಯಲ್ಲ, ಪ್ರತಿ ಊಹೆಗೂ ರೂಟರ್ ಹತ್ರಾನೇ ಬರಬೇಕು.

ಬಯಲುಸೀಮೆ: ಇಬ್ಬರೂ ಪಾಸ್‌ವರ್ಡ್ ವಿಷಯ ಬಿಟ್ರಿ. ನಮ್ಮ ಕಡೆ ಅರ್ಧ ಮನೆಗಳಲ್ಲಿ ಮೊಬೈಲ್ ನಂಬರೇ ಪಾಸ್‌ವರ್ಡ್. 6ರಿಂದ 9ರೊಳಗೆ ಶುರುವಾಗೋ 10 ಅಂಕಿ ಅಂದ್ರೆ 400 ಕೋಟಿ ಸಾಧ್ಯತೆ, ಒಳ್ಳೇ ಗ್ರಾಫಿಕ್ಸ್ ಕಾರ್ಡಿಗೆ ಒಂದು ದಿನದ ಕೆಲಸವೂ ಅಲ್ಲ. ನಮ್ಮದು ಸಂಬಂಧವಿಲ್ಲದ ಪದಗಳ 24 ಅಕ್ಷರ, ಡಬ್ಲ್ಯೂಪಿಎ2ನಲ್ಲೇ ಭದ್ರ.

ತುಂಗಾತೀರ: ಡಬ್ಲ್ಯೂಪಿಎಸ್ ಪಿನ್ (ಪಾಸ್‌ವರ್ಡ್ ಬದಲು ಅಂಕಿ ಕೊಟ್ಟು ವೈಫೈ ಸೇರೋ ಸೌಲಭ್ಯ) ಆನ್ ಇದ್ರೆ ಆ 24 ಅಕ್ಷರ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ಪಿನ್ 8 ಅಂಕಿ, ಕೊನೆಯದು ಚೆಕ್‌ಸಮ್ (ಉಳಿದ ಅಂಕಿಗಳಿಂದ ಲೆಕ್ಕ ಹಾಕೋದು); ಉಳಿದ 4 ಮತ್ತು 3ನ್ನ ರೂಟರ್ ಬೇರೆ ಬೇರೆಯಾಗಿ ಒಪ್ಪುತ್ತೆ. 10,000 + 1,000 ಊಹೆ, ಅಷ್ಟೇ. 2011ರಲ್ಲೇ ಬಯಲಾದ ವಿಷಯ.

ಬಯಲುಸೀಮೆ: ಸುಮ್ನೆ ಹೆದರಿಸಬೇಡಿ. ಈಗಿನ ರೂಟರ್ ತಪ್ಪು ಪಿನ್ ಹಾಕ್ತಿದ್ರೆ ಲಾಕ್ ಆಗುತ್ತೆ.

ತುಂಗಾತೀರ: ಎಷ್ಟೋ ಮಾಡೆಲ್‌ಗಳಲ್ಲಿ ರೀಬೂಟ್ ಆದ್ರೆ ಆ ಲಾಕ್ ಹೋಗುತ್ತೆ. ನಮ್ಮೂರಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತೆ ಗೊತ್ತಾ? ಮೊದಲು ಡಬ್ಲ್ಯೂಪಿಎಸ್ ಆಫ್ ಮಾಡಿ, ಆಮೇಲೆ ವಾದ ಮಾಡೋಣ.