ಮಾಡೆಲ್ ಮಾಡುವವರಲ್ಲಿ ಎಷ್ಟೊಂದು ಥರದ ಜನ! ಯಾರ ಮಾತು ಕೇಳಲಿ?

ಹೊಸಕಿಟ್
ಎಲ್ಲರಿಗೂ ನಮಸ್ಕಾರ. 1/72 ಅಳತೆಯ (ನಿಜದ 72ನೇ ಒಂದು ಭಾಗ) ಮಿಗ್-21 ವಿಮಾನದ ಮಾಡೆಲ್ ಜೋಡಿಸಿ ಮುಗಿಸಿ ಗೆಳೆಯರಿಗೆ ಫೋಟೊ ಕಳಿಸಿದೆ. ಮೂಗಿನ ಹಸಿರು ಸರಿಯಿಲ್ಲ ಅಂದರು ಒಬ್ಬರು. ಚೆನ್ನಾಗಿದೆ, ಆದರೆ ಈಗಷ್ಟೇ ಶೋರೂಮಿನಿಂದ ಬಂದ ಹಾಗಿದೆ, ಸ್ವಲ್ಪ ಎಣ್ಣೆ ಕಲೆ ಹಾಕಿ ಅಂದರು ಇನ್ನೊಬ್ಬರು. ಮೂರನೆಯವರ ಬೀರು ತುಂಬಾ ಬಿಚ್ಚದ ಕಿಟ್‌ಗಳೇ ಇವೆ, ಅವರು 1/48ರದ್ದೂ ತಗೊಂಡಿಡಿ, ಆಮೇಲೆ ಸಿಗುವುದಿಲ್ಲ ಅಂದರು. ಒಂದೇ ಹವ್ಯಾಸದವರು ಇಷ್ಟು ಬೇರೆ ಬೇರೆ ಯಾಕೆ? ಮುಂದೆ ಎಚ್‌ಎಫ್-24 ಮಾರುತ್ ಯುದ್ಧವಿಮಾನ ಮಾಡುವ ಆಸೆ ಇದೆ. ಯಾರನ್ನು ಕೇಳಿಕೊಂಡು ಹೋಗಲಿ?

ರಿವೆಟ್‌ಪ್ರೇಮಿ
ನಾನು ರಿವೆಟ್ ಎಣಿಸುವ ಪೈಕಿ, ಅಂದರೆ ಸಣ್ಣ ಮೊಳೆಯೂ ಅಸಲಿನಂತೆಯೇ ಇರಬೇಕು ಅನ್ನುವವನು, ಹಾಗಾಗಿ ನನ್ನ ಪಕ್ಷ ಹೇಳುತ್ತೇನೆ. ನಮಗೆ ಆ ವಿಮಾನ ಹೇಗಿತ್ತು ಅಂತ ತಿಳಿಯುವುದೇ ಅರ್ಧ ಸುಖ. ಮಾರುತ್ ಬೆಂಗಳೂರಲ್ಲೇ ಹುಟ್ಟಿದ್ದು, ಜರ್ಮನಿಯ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ಗೆ ಬಂದು ವಿನ್ಯಾಸ ಮಾಡಿದರು, ಮೊದಲು ಹಾರಿದ್ದು 1961ರ ಜೂನ್ 17ರಂದು. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದಿದೆ, ಎಚ್‌ಎಎಲ್ ಮ್ಯೂಸಿಯಂನಲ್ಲೂ ಇದೆ. ಹೋಗಿ, ಚಕ್ರ ಮಡಚಿಕೊಳ್ಳುವ ಗೂಡು, ಗಾಳಿ ಒಳಹೋಗುವ ಬಾಯಿ ಎಲ್ಲದರ ಫೋಟೊ ತಗೊಳ್ಳಿ. ಆದರೆ ಬಣ್ಣಕ್ಕೆ ಮಾತ್ರ ಅದನ್ನು ನಂಬಬೇಡಿ. ಪ್ರದರ್ಶನಕ್ಕಿಟ್ಟ ವಿಮಾನಗಳಿಗೆ ಮತ್ತೆ ಬಣ್ಣ ಬಳಿದಿರುತ್ತಾರೆ. ವಾಯುಪಡೆಯಲ್ಲಿ ಹಾರುತ್ತಿದ್ದ ಕಾಲದ ಕಲರ್ ಫೋಟೊ ಹುಡುಕಿ.

ಸಂಜೆಬ್ರಷ್
ಸರ್ ಹೇಳಿದ್ದು ಸರಿ, ಆದರೆ ಒಂದು ಲೆಕ್ಕ ನೋಡಿ. 1/72ರಲ್ಲಿ 0.2 ಮಿ.ಮೀ. ಅಗಲದ ಪ್ಯಾನೆಲ್ ಗೆರೆ (ಮೈಯ ತಗಡುಗಳು ಸೇರುವ ಕಡೆ ಕೊರೆದ ಗೆರೆ) ಅಂದರೆ ನಿಜವಾದ ವಿಮಾನದಲ್ಲಿ 14 ಮಿ.ಮೀ.ಗಿಂತ ಜಾಸ್ತಿ ಸಂದು. ಅಂಥ ಸಂದು ಯಾವ ಯುದ್ಧವಿಮಾನದ ಮೈಮೇಲೆ ಇರುತ್ತದೆ? ಆದರೂ ಆ ಗೆರೆಗೆ ನಾವೆಲ್ಲ ಕಪ್ಪು ವಾಶ್ (ನೀರಾಗಿ ಕಲಸಿದ ಬಣ್ಣ) ಬಿಡುತ್ತೇವೆ, ಯಾಕೆಂದರೆ ಅದಿಲ್ಲದಿದ್ದರೆ ಮಾಡೆಲ್ ಪೇಲವವಾಗಿ ಕಾಣುತ್ತದೆ. ಪೂರ್ತಿ ಸರಿಯಾದ ಮಾಡೆಲ್ ಇಲ್ಲವೇ ಇಲ್ಲ. ಎಲ್ಲಿ ನಿಜ ಬೇಕು, ಎಲ್ಲಿ ಕಣ್ಣಿಗೆ ಚೆಂದ ಬೇಕು ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ಥರ ಆರಿಸಿಕೊಳ್ಳುತ್ತಾರೆ, ಸ್ವಭಾವ ಬೇರೆಯಾಗುವುದು ಅಲ್ಲೇ ಅಲ್ವಾ? ಕಲೆ ಹಾಕಿ ಅಂದವರು ಚಿತ್ರ ಬಿಡಿಸುವ ಮನಸ್ಸಿನವರು. ಮೆಕ್ಯಾನಿಕ್ ಕಾಲಿಡುವ ಕಡೆ ಬಣ್ಣ ಸವೆದಿರುತ್ತದೆ, ಸೋರಿದ ಎಣ್ಣೆ ಗಾಳಿಗೆ ಹಿಂದಕ್ಕೆ ಗೆರೆ ಎಳೆದಿರುತ್ತದೆ, ಇದನ್ನೆಲ್ಲ ಅವರಿಂದಲೇ ಕಲಿಯಬೇಕು. ಸುಮ್ನೆ ಎಲ್ಲ ಕಡೆ ಮಸಿ ಬಳಿಯಬೇಡಿ.

ಕಡಲತೀರದವ
ಕೂಡಿಡುವವರನ್ನು ಯಾರೂ ಹಗುರವಾಗಿ ನೋಡಬೇಡಿ. ಮಾರುತ್‌ನಂಥ ವಿಮಾನವನ್ನು ಟಾಮಿಯಾ, ಹಸೆಗಾವಾದಂಥ ದೊಡ್ಡ ಕಿಟ್ ಕಂಪನಿಗಳು ಮಾಡಿಲ್ಲ. ಸಣ್ಣ ತಯಾರಕರ ಕಿಟ್ ಒಮ್ಮೆ ನಿಂತರೆ ನಿಂತಂತೆಯೇ, ಆಗ ಕೊಡುವವರು ನಮ್ಮಂಥವರೇ. ಆದರೆ ಇಟ್ಟರೆ ಸರಿಯಾಗಿ ಇಡಿ. ನಮ್ಮ ಕಡೆ ತೇವ ಜಾಸ್ತಿ, ಡೆಕಾಲ್ (ಗುರುತು, ನಂಬರಿನ ಸ್ಟಿಕ್ಕರ್) ಹಾಳೆಯನ್ನು ಸಿಲಿಕಾ ಜೆಲ್ ಜೊತೆ ಜಿಪ್ ಕವರಿನಲ್ಲಿ ಹಾಕಿಡುತ್ತೇವೆ. ಹಳದಿಯಾದ ಡೆಕಾಲನ್ನು ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿಟ್ಟರೆ ಹಳದಿ ಎಷ್ಟೋ ಇಳಿಯುತ್ತದೆ.

ಹೊಸಕಿಟ್
ತುಂಬಾ ಥ್ಯಾಂಕ್ಸ್. ಮೊದಲು ಮ್ಯೂಸಿಯಂಗೆ ಹೋಗುತ್ತೇನೆ. ಮಾರುತ್ ಕಿಟ್ ಮಾಮೂಲಿ ಪ್ಲಾಸ್ಟಿಕ್ ಬದಲು ಅಚ್ಚಿಗೆ ಸುರಿದ ರೆಸಿನ್‌ನಲ್ಲಿ ಸಿಕ್ಕರೆ ಕೆಲಸ ಬೇರೆಯಾ?

ಸಂಜೆಬ್ರಷ್
ಬೇರೆಯೇ. ಪ್ಲಾಸ್ಟಿಕ್ ಕಿಟ್ ಅಂಟಿಸುವ ಸಿಮೆಂಟ್ ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು. ನೀರು ಹಾಕಿಕೊಂಡೇ ಉಜ್ಜಿ, ಮಾಸ್ಕ್ ಬೇಕೇ ಬೇಕು, ಆ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಬೇರೆ ಕೋಣೆಯಲ್ಲಿ ಕೂತು ಮಾಡಿ.